ಅಕ್ಕೋರು ಹೇಳದ ಪಥ್ಯ

ಆ ಬುಧವಾರ ಒಂಬತ್ತು ಜನ ಬಂದಿದ್ದರು. ಹೊನ್ನಾವರದ ಪೇಟೆಯಲ್ಲಿ ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿ ಅದು. ಒಂದು ಕೋಣೆ, ಅದರ ಹೊರಗೆ ಉದ್ದನೆಯ ಪಡಸಾಲೆ. ಕೋಣೆಯಲ್ಲಿ ಅಕ್ಕೋರು, ಪಡಸಾಲೆಯಲ್ಲಿ ನಾನು. ಬೆಂಚು ಸಾಲದೆ ಇಬ್ಬರು ಮೆಟ್ಟಿಲ ಮೇಲೆ ಕೂತಿದ್ದರು. ಕುಮಟೆಯಿಂದ ಮೊದಲ ಸಲ ಬಂದ ಒಬ್ಬ ಅಜ್ಜ ಚೀಲದಿಂದ ತೆಂಗಿನಕಾಯಿ, ಒಂದು ಹಿಡಿ ದಾಸವಾಳ ತೆಗೆದು ಬೆಂಚಿನ ಮೇಲಿಟ್ಟು ನನ್ನನ್ನು ಕೇಳಿದರು.

"ನೋಟ ನೋಡೂದು ಎಷ್ಟೊತ್ತಿಗೆ ಶುರು?"

"ಇಲ್ಲಿ ನೋಟ, ದೇವ್ರ ಪ್ರಶ್ನೆ ಎಂತದೂ ಇಲ್ಲ ಅಜ್ಜ. ಕೂತು ಮಾತಾಡೂದು ಅಷ್ಟೇ."

"ಬರೀ ಮಾತಾಡೂಕೆ ಕುಮಟೆಯಿಂದ ಬಸ್ ಹತ್ಕಂಡು ಬರ್ಬೇಕಾ? ಮನೇಲಿ ಹೆಂಡ್ತಿ ಇಲ್ವಾ ನಂಗೆ?"

ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, "ಅವ್ರ ಹತ್ರ ಮಾತಾಡೂಕೆ ಆಗಿದ್ರೆ ನೀವು ಇಲ್ಲಿಗೆಂತಕ್ಕೆ ಬರ್ತಿದ್ರಿ?" ಎಂದಳು. ಎಲ್ಲರೂ ನಕ್ಕರು. ಅಜ್ಜನೂ ನಕ್ಕರು. ಆಗ ಬಾಗಿಲು ತೆರೆದು ಅಕ್ಕೋರು ತಲೆ ಹೊರಹಾಕಿ, "ಎಂತ ನಗೆ? ನಂಗೂ ಹೇಳಿ" ಎಂದರು.

ಸಂಜೆ ಎಲ್ಲರೂ ಹೋದ ಮೇಲೆ ಆ ಕಾಯಿ ಹಾಗೇ ಉಳಿದಿತ್ತು. "ವಾಪಸ್ ತಕಂಡು ಹೋಗಿ ಚಟ್ನಿ ಮಾಡಿ ಅಂದ್ರೆ ಕೇಳೂದಿಲ್ಲ, ಎಂತ ಮಾಡೂದು ತಂಗಿ?" ಎನ್ನುತ್ತ ಅಕ್ಕೋರು ಕಾಯಿಯನ್ನು ಮೆಟ್ಟಿಲ ಅಂಚಿಗೆ ಹೊಡೆದು ಒಂದು ಹೋಳು ಕೆಳಗಿನ ಅಂಗಡಿಯವರಿಗೆ, ಒಂದು ನನಗೆ ಕೊಟ್ಟರು. ಮುಂದಿನ ವಾರ ಬರುವಾಗ ನಮ್ಮ ಮನೆಯ ಹರಿವೆ ಬೀಜ ತರಲು ಹೇಳಿದರು. ನಾನು ಮುರ್ಡೇಶ್ವರದ ಕಡೆಯ ಬಸ್ಸು ಹಿಡಿದೆ.

ಪ್ರತಿ ಬುಧವಾರ ಭಟ್ಕಳದ ಹತ್ತಿರದ ಬೆಳಕೆ ಊರಿನಿಂದ ಬರುತ್ತಿದ್ದ ಒಬ್ಬ ಹುಡುಗಿ ಆ ದಿನ ಬಂದಿರಲಿಲ್ಲ. ಬಸ್ಸು ತಪ್ಪಿರಬೇಕು ಅಂದುಕೊಂಡಿದ್ದೆ. ಅದಕ್ಕಿಂತ ಹೆಚ್ಚು ಯೋಚಿಸಲಿಲ್ಲ.

ಅಕ್ಕೋರು ಎಂದರೆ ನಮ್ಮ ಕಡೆ ಶಾಲೆಯ ಟೀಚರು. ಇವರೂ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕನ್ನಡ ಕಲಿಸಿದವರು. ಹೊನ್ನಾವರದ ಕೊಂಕಣಿ ಕ್ರಿಶ್ಚಿಯನ್ ಮನೆತನ, ಮದುವೆಯಾಗಿರಲಿಲ್ಲ. ನಿವೃತ್ತಿ ಆದ ಮೇಲೆ ಮಂಗಳೂರಿನಲ್ಲಿ ಒಂದು ವರ್ಷ ಇದ್ದು, ತಮ್ಮ ಶಿಷ್ಯರ ವಯಸ್ಸಿನವರ ಜೊತೆ ಕೂತು ಆಪ್ತಸಮಾಲೋಚನೆ ಕಲಿತು ಬಂದರು. ಬಾಗಿಲಿನ ಮೇಲೆ ಹಾಗೇ ಬರೆಸಿದ್ದರು, ಆಪ್ತಸಮಾಲೋಚನೆ ಎಂದು. ಆ ಶಬ್ದ ಯಾರ ಬಾಯಿಗೂ ಬರಲಿಲ್ಲ. ಬಂದವರು ಅದಕ್ಕೆ ಮಾತಿನ ಮದ್ದು ಎಂದರು. ಆ ಹೆಸರೇ ನಿಂತಿತು.

ನಾನು ಅಲ್ಲಿಗೆ ಮೊದಲು ಹೋದದ್ದು ಭಟ್ಕಳದ ಒಬ್ಬ ನವಾಯತ ಮುಸ್ಲಿಂ ಹೆಂಗಸಿನ ಜೊತೆ. ನನ್ನ ಅಮ್ಮ ಅವರ ಮನೆಯಲ್ಲಿ ಕೆಲಸಕ್ಕಿದ್ದಳು, ನಾನು ಅವರ ಅಂಗಳದಲ್ಲೇ ಬೆಳೆದವಳು. ಹಾಗಾಗಿ ನನಗೆ ಅವರ ನವಾಯತಿ ಭಾಷೆ ಬರುತ್ತದೆ, ಕೊಂಕಣಿಯೂ ಬರುತ್ತದೆ. ಅವರ ಗಂಡ ದುಬೈಯಲ್ಲಿ. ಎರಡು ವರ್ಷದಿಂದ ಊರಿಗೆ ಬಂದಿರಲಿಲ್ಲ, ಫೋನೂ ಕಡಿಮೆಯಾಗಿತ್ತು. ಅವರು ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳುತ್ತಿದ್ದೆ. ಮೂರನೇ ಸಲ ಹೋದಾಗ ಅಕ್ಕೋರು ನನ್ನನ್ನು ಒಬ್ಬಳನ್ನೇ ನಿಲ್ಲಿಸಿಕೊಂಡು ಕೇಳಿದರು, "ಎಷ್ಟು ಓದಿದ್ದೆ ನೀನು?"

"ಹತ್ತನೆತ್ತಿ ಪಾಸು."

"ಅವರು ಹೇಳಿದ್ದಷ್ಟೇ ಹೇಳಿದೆ. ನಿನ್ನದು ಒಂದು ಮಾತೂ ಸೇರಿಸಲಿಲ್ಲ. ಅಂಥವರು ಸಿಗೂದು ಕಷ್ಟ. ವಾರಕ್ಕೆ ಒಂದು ದಿನ ಇಲ್ಲಿಗೆ ಬತ್ತೆಯಾ?"

ನನ್ನನ್ನು ಅವರು ಆರಿಸಿಕೊಂಡದ್ದು ಆ ಒಂದು ಗುಣಕ್ಕೆ.

ಅವರ ಕೋಣೆಯಲ್ಲಿ ಎರಡು ಕುರ್ಚಿ, ಒಂದು ಮೇಜು, ಒಂದು ಹೂಜಿ ನೀರು. ಶಿಲುಬೆ ಇತ್ತು. ಆದರೆ ಬಂದವರು ಕೂರುವ ಕುರ್ಚಿಯ ಹಿಂದಿನ ಗೋಡೆಯ ಮೇಲೆ. ಕೂತವರಿಗೆ ಅದು ಕಾಣುತ್ತಿರಲಿಲ್ಲ, ಅಕ್ಕೋರಿಗೆ ಮಾತ್ರ ಕಾಣುತ್ತಿತ್ತು. ಒಂದು ಸಲ ಒಬ್ಬರು ಕ್ರಿಶ್ಚಿಯನ್ ಹೆಂಗಸೇ ಬಂದು, ಇದನ್ನು ಎದುರಿಗೆ ಹಾಕಬೇಕಲ್ಲವಾ ಎಂದು ಕೇಳಿದ್ದರಂತೆ. "ನೆನಪು ಬೇಕಾದ್ದು ನಂಗೆ. ಅವ್ರು ನೋಡೂಕೆ ಕಿಟಕಿ ಅದೆಯಲ್ಲ" ಎಂದಿದ್ದರು ಅಕ್ಕೋರು. ಆ ಕಿಟಕಿಯಿಂದ ಶರಾವತಿಯ ಒಂದು ತುಂಡು ಕಾಣುತ್ತಿತ್ತು, ಸೇತುವೆಯ ಮೇಲೆ ಲಾರಿಗಳು ಹೋಗುವುದು ಕಾಣುತ್ತಿತ್ತು.

ಬಂದವರು ಕೂತ ಮೇಲೆ ಮೊದಲ ಸ್ವಲ್ಪ ಹೊತ್ತು ಅಕ್ಕೋರು ಏನನ್ನೂ ಕೇಳುತ್ತಿರಲಿಲ್ಲ. ಮೇಜಿನ ಕೆಳಗೆ ಎಡಗೈಯಲ್ಲಿ ಜಪಸರ ಇರುತ್ತಿತ್ತು. ಒಂದೊಂದೇ ಮಣಿ ಸರಿಸುತ್ತ ಹತ್ತು ಮಣಿ ಮುಗಿಯುವವರೆಗೆ ಸುಮ್ಮನಿರುತ್ತಿದ್ದರು. ಭಾಷೆಗಾಗಿ ನಾನು ಒಳಗೆ ಕೂತ ದಿನಗಳಲ್ಲಿ ಇದನ್ನು ನೋಡಿದ್ದೇನೆ. ಆರೋ ಏಳೋ ಮಣಿಗೆ ಬರುವಷ್ಟರಲ್ಲಿ ಎದುರಿಗಿದ್ದವರು ತಾವಾಗಿಯೇ ಬಾಯಿ ಬಿಡುತ್ತಿದ್ದರು. "ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿ ಕೇಳಿ ನನ್ನ ನಾಲಿಗೆ ಕೆಟ್ಟು ಹೋಗಿದೆ ತಂಗಿ. ಅದನ್ನು ಕಟ್ಟಿಹಾಕೂಕೆ ಇದು" ಎಂದು ಜಪಸರ ತೋರಿಸಿದ್ದರು. ಕೇಳಬಾರದು, ಕಾಯಬೇಕು. ಅದು ಅವರ ನಿಯಮ.

ಪ್ರಾರ್ಥನೆ ಮಾಡಿ ಎಂದು ಯಾರಾದರೂ ಕೇಳಿದರೆ ಬೇಡ ಅನ್ನುತ್ತಿರಲಿಲ್ಲ. ಆದರೆ ತಾವೇ ಶುರು ಮಾಡುತ್ತಲೂ ಇರಲಿಲ್ಲ. "ನಿಮ್ಮ ದೇವ್ರ ಹತ್ರ ನೀವೇ ಕೇಳಿ, ಜೋರಾಗಿ ಕೇಳಿ. ನಾನು ಜೊತೆಗೆ ಕೂತ್ಕೊಳ್ತೆ" ಅನ್ನುತ್ತಿದ್ದರು. ಕುಮಟೆಯ ಒಬ್ಬ ಅಂಗಡಿಕಾರರು ತಮ್ಮನ ಜೊತೆಗಿನ ಜಗಳಕ್ಕೆ ನಿದ್ದೆ ಬಾರದೆ ಬಂದವರು. ಕೈಮುಗಿದು, "ದೇವರೇ, ನನ್ನ ತಮ್ಮ" ಎಂದು ಶುರು ಮಾಡಿದವರಿಗೆ ಮುಂದಿನ ಮಾತು ಹೊರಡಲಿಲ್ಲ. ಹಾಳಾಗಲಿ ಅನ್ನಲು ಬಂದವರು ಅವರು. ಹಾಗೆ ಅನ್ನಲಾಗದೆ ಅತ್ತುಬಿಟ್ಟರು. ಅವರು ಅತ್ತದ್ದು ಪಡಸಾಲೆಯವರೆಗೆ ಕೇಳಿತ್ತು. ಅಕ್ಕೋರು ಆಮೇಲೆ, "ಬೇಡೂಕೆ ಕೂತಾಗಲೇ ಗೊತ್ತಾಗೂದು ನಮಗೆ ಎಂತ ಬೇಕು ಅಂತ" ಎಂದರು.

ದೇವರ ಇಚ್ಛೆ ಎಂಬ ಮಾತು ಅವರಿಗೆ ಆಗುತ್ತಿರಲಿಲ್ಲ. ಹೊರದೇಶದಲ್ಲಿ ಮಗನನ್ನು ಕಳೆದುಕೊಂಡ ಒಬ್ಬ ತಾಯಿಗೆ ಎಲ್ಲರೂ ದೇವರ ಇಚ್ಛೆ, ಒಪ್ಪಿಕೋ ಎಂದು ಹೇಳಿ ಹೇಳಿ ಆಕೆ ಮಾತನ್ನೇ ಬಿಟ್ಟಿದ್ದರು. "ಒಪ್ಪಿಕೊಳ್ಳೂದು ಆಮೇಲೆ. ಮೊದಲು ಜಗಳ ಆಡು. ಅವನು ಕೇಳ್ತಾನೆ, ಅವನಿಗೇನು ಅವಮಾನ ಇಲ್ಲ" ಎಂದು ಹೇಳಿ, ಅಕ್ಕೋರು ದೇವರಿಗೆ ಒಂದು ಕಾಗದ ಬರೆಯಲು ಹೇಳಿದ್ದರು. ಆಕೆ ಎರಡು ಪುಟ ಬೈದು ಬರೆದುಕೊಂಡು ಬಂದರು. ಅಕ್ಕೋರು ಓದುತ್ತ ಓದುತ್ತ ಅಭ್ಯಾಸಬಲದಿಂದ ಕೆಂಪು ಪೆನ್ನು ತೆಗೆದು ಒತ್ತಕ್ಷರ ತಿದ್ದಲು ಹೊರಟರು. ಆ ತಾಯಿ ಎಷ್ಟೋ ತಿಂಗಳ ಮೇಲೆ ನಕ್ಕದ್ದು ಆಗ.

ಹಾಗಂತ ಎಲ್ಲರ ಹತ್ತಿರವೂ ತಾಳ್ಮೆ ಇತ್ತು ಎಂದು ಹೇಳುವುದಿಲ್ಲ. ಹೆಚ್ಚು ಓದಿದವರನ್ನು ಕಂಡರೆ ಸಿಡುಕುತ್ತಿದ್ದರು. ಪ್ರಾರ್ಥನೆ ಮಾಡಿದರೂ ನಿದ್ದೆ ಬರುವುದಿಲ್ಲ, ನನ್ನ ವಿಶ್ವಾಸ ಸಾಲದು ಎಂದು ತಮ್ಮನ್ನೇ ಹಳಿದುಕೊಂಡು ಬರುವ ತಮ್ಮ ಮತದವರನ್ನು, "ವಿಶ್ವಾಸಕ್ಕೂ ನಿದ್ದೆಗೂ ಎಂತ ಸಂಬಂಧ? ಡಾಕ್ಟ್ರ ಹತ್ರ ಹೋಗಿ ಮೊದಲು" ಎಂದು ಗದರಿಸುತ್ತಿದ್ದರು. ಮಾತಿಗೆ ಬಗ್ಗುವ ಕಾಯಿಲೆ ಯಾವುದು, ಗುಳಿಗೆ ಬೇಕಾದ ಕಾಯಿಲೆ ಯಾವುದು ಎಂಬುದರಲ್ಲಿ ಅವರಿಗೆ ಬಹಳ ಎಚ್ಚರ. ಇದನ್ನು ಒತ್ತಿ ಬರೆಯುತ್ತಿದ್ದೇನೆ. ಯಾಕೆಂದರೆ ಹೊನ್ನಾವರದಲ್ಲೂ ಬೆಳಕೆಯಲ್ಲೂ ಜನ ಇವತ್ತಿಗೂ ಇದಕ್ಕೆ ತಿರುಗುಮುರುಗಾಗಿ ಮಾತಾಡುತ್ತಾರೆ. ಅದಕ್ಕೆ ಕಾರಣ ನಾನು.

ನಮ್ಮಲ್ಲಿ ಮದ್ದು ಎಂದರೆ ಪಥ್ಯ ಇರಬೇಕು. ನಾಟಿ ವೈದ್ಯರು ಬೇರು ತೇಯ್ದು ಕೊಟ್ಟರೂ ಬದನೆ ಬೇಡ, ಮೀನು ಬೇಡ, ಹುಳಿ ಬೇಡ ಎಂದು ಹೇಳಿಯೇ ಕಳಿಸುತ್ತಾರೆ. ಅಕ್ಕೋರು ಯಾರಿಗೂ ಏನನ್ನೂ ಬಿಡಲು ಹೇಳುತ್ತಿರಲಿಲ್ಲ. ನಾನು ಸೇರಿದ ಹೊಸತರಲ್ಲಿ ಮುರ್ಡೇಶ್ವರದ ಒಬ್ಬ ಹೆಂಗಸು ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುತ್ತ ನನ್ನ ಹತ್ತಿರ ಮೆಲ್ಲಗೆ ಕೇಳಿದಳು.

"ಪಥ್ಯ ಎಂತದ್ರಾ?"

"ಎಂತ ಇಲ್ಲ."

"ಎಂತ ಇಲ್ವಾ?" ಅವಳ ಮುಖ ಸಣ್ಣದಾಯಿತು. "ಪಥ್ಯ ಇಲ್ಲದ್ದು ಎಂಥಾ ಮದ್ದು ಮಾರಾಯ್ರೆ?"

ಅವಳು ಮತ್ತೆ ಬರಲಿಲ್ಲ. ನನಗೆ ಬೇಸರವಾಯಿತು. ಮುಂದಿನ ಸಲ ಒಬ್ಬರು ಕೇಳಿದಾಗ, "ಇಲ್ಲಿಗೆ ಬರೂ ದಿನ ಮೀನು ತಿನ್ಬೇಡಿ" ಎಂದೆ. ಅಕ್ಕೋರು ತಾವೂ ಶುಕ್ರವಾರ ಮೀನು-ಮಾಂಸ ಮುಟ್ಟುತ್ತಿರಲಿಲ್ಲ. ಈಸ್ಟರಿಗೆ ಮೊದಲಿನ ನಲವತ್ತು ದಿನ ಅಂತೂ ಪೂರ್ತಿ ಬಿಡುತ್ತಿದ್ದರು. ಹಾಗಾಗಿ ಇದು ಸುಳ್ಳೇನೂ ಅಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅವರು ಖುಷಿಯಿಂದ ಹೋದರು. ಮುಂದಿನ ವಾರ ತಲೆಗೆ ಸ್ನಾನ ಮಾಡಿ, ಶುಚಿಯಾಗಿ ಬಂದರು. ಆಮೇಲೆ ಕೇಳಿದವರಿಗೆಲ್ಲ ಹೇಳತೊಡಗಿದೆ. ಮೀನು ಬೇಡ. ಬರುವ ದಿನ ಮನೆಯಲ್ಲಿ ಜಗಳ ಬೇಡ. ತಲೆಗೆ ಸ್ನಾನ ಮಾಡಿ ಬನ್ನಿ. ಕೊನೆಗೆ ಒಂದು ಮಾತು ಸೇರಿಸುತ್ತಿದ್ದೆ: "ಒಳಗೆ ಇದನ್ನೆಲ್ಲ ಎತ್ಬೇಡಿ. ಅಕ್ಕೋರಿಗೆ ಸೇರೂದಿಲ್ಲ."

ಸೇರುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ. ಕೆಲವರು ನನ್ನನ್ನು ಸಣ್ಣ ಅಕ್ಕೋರು ಎಂದು ಕರೆಯಲು ಶುರು ಮಾಡಿದ್ದರು. ಅದು ಕಿವಿಗೆ ಚಲೋ ಕೇಳುತ್ತಿತ್ತು.

ಒಂದು ಸಲ ಅಕ್ಕೋರೇ ಅಂದರು, "ಎಂತ ತಂಗಿ, ಈಗೀಗ ಬುಧವಾರ ಯಾರ ಕೈಲೂ ಬಂಗಡೆ ವಾಸನೆ ಇಲ್ಲ? ಎಲ್ಲರೂ ದೇವಸ್ಥಾನಕ್ಕೆ ಹೊರಟವರ ಹಂಗೆ ಬರ್ತಾರೆ!"

"ನಿಮಗೆ ಮರ್ಯಾದೆ ಕೊಡೂದು ಅಕ್ಕೋರೆ" ಎಂದು ನಕ್ಕುಬಿಟ್ಟೆ.

ಬೆಳಕೆಯ ಹುಡುಗಿ ಬಂದದ್ದು ಆ ಹೊತ್ತಿಗೆ. ಇಪ್ಪತ್ತು ವರ್ಷ, ಭಟ್ಕಳದಲ್ಲಿ ಕಾಲೇಜಿಗೆ ಹೋಗುತ್ತಿದ್ದಳು. ಅಪ್ಪನಿಗೆ ಭಟ್ಕಳ ಬಂದರಿನಲ್ಲಿ ಬಲೆ ಹೊಲಿಯುವ ಕೆಲಸ. ಹುಡುಗಿಗೆ ಎರಡು ತಿಂಗಳಿಂದ ನಿದ್ದೆ ಇರಲಿಲ್ಲ, ಯಾರೋ ಹೆಸರು ಹಿಡಿದು ಕರೆದಂತೆ ಕೇಳುತ್ತಿತ್ತು. ಅಮ್ಮ ಕೈಹಿಡಿದು ಮಹಡಿ ಹತ್ತಿಸಿಕೊಂಡು ಬಂದಿದ್ದಳು. ಅಕ್ಕೋರು ಅರ್ಧ ಗಂಟೆಯಲ್ಲೇ ಬಾಗಿಲು ತೆರೆದು ನನ್ನನ್ನು ಕರೆದರು. "ಕುಮಟೆಯ ಮನೋವೈದ್ಯರ ವಿಳಾಸ ಒಂದು ಚೀಟಿಯಲ್ಲಿ ಬರೆದುಕೊಡು ತಂಗಿ. ನಾಳೆಯೇ ಹೋಗ್ಬೇಕು" ಎಂದರು. ಆಮೇಲೆ ಅಮ್ಮನಿಗೆ ಹೇಳಿದರು, "ನೋಡಿ, ಇದಕ್ಕೆ ಗುಳಿಗೆ ಮೊದಲು. ಮಾತು ಆಮೇಲೆ. ಪ್ರಾರ್ಥನೆ ನೀವು ಕೇಳಿದ್ರೆ ಮಾತ್ರ." ಆ ಮಾತನ್ನು ನಾನು ಕಿವಿಯಾರೆ ಕೇಳಿದೆ. ವಿಳಾಸವನ್ನೂ ನನ್ನ ಕೈಯಲ್ಲೇ ಬರೆದೆ.

ಗುಳಿಗೆ ಹಿಡಿಯಿತು. ಹುಡುಗಿ ಮಲಗತೊಡಗಿದಳು. ಪ್ರತಿ ಬುಧವಾರ ಬಂದು ಅಕ್ಕೋರ ಜೊತೆ ಕೂತು ಹೋಗುತ್ತಿದ್ದಳು. ಒಂದು ದಿನ ಪಡಸಾಲೆಯಲ್ಲಿ ಕಾಯುತ್ತ ಅಜ್ಜಿಯಿಂದ ಕಲಿತ ಗದ್ದೆ ನಾಟಿಯ ಹಾಡೊಂದನ್ನು ಗುನುಗುತ್ತಿದ್ದಳು. ಅಕ್ಕೋರು ಒಳಗಿನಿಂದ ಬಂದು, "ಪೂರ್ತಿ ಹೇಳೇ" ಎಂದು ಬೆಂಚಿನ ಮೇಲೆ ಕೂತುಬಿಟ್ಟರು. ಹಾಡು ಮುಗಿಯುವವರೆಗೆ ಯಾರನ್ನೂ ಒಳಗೆ ಕರೆಯಲಿಲ್ಲ. ಅವಳ ಅಮ್ಮ ಕಣ್ಣು ಒರೆಸಿಕೊಂಡಳು.

ಅದಾಗಿ ಎರಡು ವಾರಕ್ಕೆ ಅಮ್ಮ ನನ್ನ ಹತ್ತಿರ ಬಂದಳು. ಹುಡುಗಿ ಒಳಗಿದ್ದಳು. ನಾನು ಹೂಜಿಗೆ ನೀರು ತುಂಬುತ್ತಿದ್ದೆ.

"ಅಲ್ಲ ತಂಗಿ, ಈಗ ಚಲೋ ಆಗದೆಯಲ್ಲ. ಗುಳಿಗೆಯೂ ಇದೂ ಒಟ್ಟಿಗೆ ಆಗ್ತದ್ಯಾ? ಎರಡು ಮದ್ದು ಒಂದಕ್ಕೊಂದು ಕಡೀತದೆ ಅಂತಾರೆ ನಮ್ಮ ಅತ್ತೆ."

"ನಾಟಿ ಮದ್ದಿಗೆ ಇಂಗ್ಲಿಷ್ ಮದ್ದು ಸೇರೂದಿಲ್ಲ ಅಂತಾರಪ್ಪ" ಎಂದೆ ನಾನು.

"ಹಂಗಾರೆ ಬಿಡೂದಾ?"

ನೀರು ತುಂಬಿ ಚೆಲ್ಲುತ್ತಿತ್ತು. ಮೆಟ್ಟಿಲಲ್ಲಿ ಯಾರೋ ಕರೆಯುತ್ತಿದ್ದರು. ಒಳಗೆ ಹೋಗಿ ಅಕ್ಕೋರನ್ನೇ ಕೇಳಿ ಎಂದು ಹೇಳಬಹುದಿತ್ತು. ಹಾಗೆ ಹೇಳಲು ಇದಕ್ಕಿಂತ ಹೆಚ್ಚಿನ ಹೊತ್ತು ಬೇಕಿರಲಿಲ್ಲ. ನಾನು ಹೇಳಿದ್ದು ಇದು: "ಇಲ್ಲಿಗೆ ಬರೂವಷ್ಟು ದಿನ ಬಿಟ್ಟು ನೋಡಿ. ಒಳಗೆ ಮಾತ್ರ ಎತ್ಬೇಡಿ."

ಅಕ್ಕೋರು ಪ್ರತಿ ವಾರ ಗುಳಿಗೆ ತಕೊಳ್ತಿದ್ದೀಯಾ ಎಂದು ಹುಡುಗಿಯನ್ನೂ ಅಮ್ಮನನ್ನೂ ಕೇಳುತ್ತಿದ್ದರು. ಇದೊಂದನ್ನು ಮಾತ್ರ ಅವರು ಕೇಳದೆ ಬಿಡುತ್ತಿರಲಿಲ್ಲ. ಹುಡುಗಿ ಅಮ್ಮನ ಮುಖ ನೋಡಿ ಹೂಂ ಎಂದಳು, ಅಮ್ಮನೂ ಹೂಂ ಎಂದಳು. ಎತ್ತಬೇಡಿ ಎಂದು ಹೇಳಿಸಿಕೊಂಡವಳು ಮತ್ತೇನು ಹೇಳಿಯಾಳು?

ಹರಿವೆ ಬೀಜ ತೆಗೆದುಕೊಂಡು ನಾನು ಹೋದ ಬುಧವಾರ ಹತ್ತು ಗಂಟೆಗೇ ಹುಡುಗಿಯ ಅಪ್ಪ-ಅಮ್ಮ ಮಹಡಿ ಹತ್ತಿ ಬಂದರು. ಅಪ್ಪನನ್ನು ನಾನು ನೋಡಿದ್ದು ಅದೇ ಮೊದಲು. ಹಿಂದಿನ ವಾರ ಹುಡುಗಿ ಬೆಳಗ್ಗೆ ಮನೆ ಬಿಟ್ಟು ಹೋದವಳು ಎರಡು ದಿನ ಸಿಗಲಿಲ್ಲವಂತೆ. ಮುರ್ಡೇಶ್ವರದ ರೈಲು ನಿಲ್ದಾಣದಲ್ಲಿ ಕೂತಿದ್ದಳು. ಅಂಗಾಲಿನ ಚರ್ಮ ಎದ್ದುಹೋಗಿತ್ತು. ಅಪ್ಪನ ಗುರುತು ಸಿಗಲಿಲ್ಲ ಅವಳಿಗೆ. ಉಡುಪಿಯ ಕಡೆಯ ಆಸ್ಪತ್ರೆಯಲ್ಲಿ ಇಟ್ಟಿದ್ದರು.

"ನೀವು ಓದಿದವ್ರು ಅಲ್ದ್ರಾ?" ಎಂದು ಅಪ್ಪ ಕೇಳಿದ. ಅವನ ದನಿ ಕೆಳಗಿನ ಅಂಗಡಿಗೂ ಕೇಳುವಷ್ಟಿತ್ತು. "ಮಕ್ಕಳಿಗೆ ಪಾಠ ಹೇಳಿದವ್ರು. ಗುಳಿಗೆ ಬಿಡಿ ಅಂತ ಹೇಳೂಕೆ ಹೆಂಗೆ ಮನಸ್ಸು ಬಂತು ನಿಮಗೆ? ನಿಮ್ಮ ದೇವ್ರು ನೋಡ್ಕಂತಾನೆ ಅಂತ್ಲಾ?"

"ಗುಳಿಗೆ ಬಿಡಿ ಅಂತ ಯಾರು ಹೇಳಿದ್ದು?" ಎಂದರು ಅಕ್ಕೋರು.

ಅಪ್ಪ ಹೆಂಡತಿಯ ಕಡೆ ನೋಡಿದ. ಅವಳು ನೆಲ ನೋಡುತ್ತ, "ಇಲ್ಲೇ ಹೇಳಿದ್ದು" ಎಂದಳು.

ಅಕ್ಕೋರು ಒಂದು ಸಲ ಅವಳನ್ನು ನೋಡಿದರು, ಒಂದು ಸಲ ನನ್ನನ್ನು. ನಾನು ಬೆಂಚಿನ ಹತ್ತಿರ ನಿಂತಿದ್ದೆ. ಒಂದು ಹೆಜ್ಜೆ ಮುಂದೆ ಬಂದು ನಾನು ಎಂದು ಹೇಳಿದ್ದರೆ ಸಾಕಿತ್ತು. ಆ ತಾಯಿಯೂ ಹೇಳಲಿಲ್ಲ. ನನ್ನ ಹೆಸರು ಹೇಳಿದರೆ, ಕೇಳಿದ್ದು ನೀನಲ್ಲವಾ, ಮುಚ್ಚಿಟ್ಟದ್ದು ನೀನಲ್ಲವಾ ಎಂಬ ಮಾತು ಅವಳ ಮೇಲೆ ಬರುತ್ತಿತ್ತು. ಒಂದೇ ಕಡೆಯ, ಒಂದೇ ನೀರು ಕುಡಿದ ನಾವಿಬ್ಬರು ಹೆಂಗಸರು ಸುಮ್ಮನೆ ನಿಂತೆವು.

"ಇಲ್ಲಿ ಹೇಳಿದ್ದಾದರೆ ನಾನು ಹೇಳಿದ ಹಾಗೇ" ಎಂದರು ಅಕ್ಕೋರು. ಕೈಮುಗಿದರು. "ತಪ್ಪಾಯಿತು. ನಾನು ಬಂದು ಅವಳನ್ನು ನೋಡಬಹುದಾ?"

"ಬರ್ಬೇಡಿ" ಎಂದ ಅಪ್ಪ. "ನಮ್ಮನೆ ಬಾಗಿಲಿಗೆ ಬರ್ಬೇಡಿ."

ಒಂದು ತಿಂಗಳೊಳಗೆ ಕೋಣೆ ಮುಚ್ಚಿತು. ಅಂಗಡಿಯವರು ಒಳ್ಳೆಯ ಮಾತಿನಲ್ಲೇ ಬಿಡಲು ಹೇಳಿದರು. ಪೇಟೆಯಲ್ಲಿ ಮಾತು ಎಲ್ಲೆಲ್ಲಿಗೋ ಹೋಗಿತ್ತು. ಪ್ರಾರ್ಥನೆ ಮಾಡಿ ಗುಳಿಗೆ ಬಿಡಿಸುತ್ತಾರಂತೆ, ಮತ ಬದಲಿಸಲು ಇದೆಲ್ಲ ಎಂದೂ ಕೆಲವರು ಹೇಳಿದರು. ಅವರದೇ ಜನ ಕೆಲವರು, ನಮಗೆ ಯಾಕೆ ಈ ಉಸಾಬರಿ ಎಂದು ದೂರವಾದರು. ಅಕ್ಕೋರು ಯಾರಿಗೂ ಉತ್ತರ ಕೊಡಲಿಲ್ಲ. ಕುಮಟೆಯ ಅಜ್ಜ ಎರಡು ಸಲ ಬಂದು ಬೀಗ ನೋಡಿಕೊಂಡು ವಾಪಸಾದರು ಎಂದು ಅಂಗಡಿಯವರು ಆಮೇಲೆ ಹೇಳಿದರು.

ನಾನು ತಿಂಗಳಿಗೆ ಒಂದೆರಡು ಭಾನುವಾರ ಅಕ್ಕೋರ ಮನೆಗೆ ಹೋಗುತ್ತಿದ್ದೆ. ಇಗರ್ಜಿಯಿಂದ ಬಂದು ಅವರು ನನ್ನ ಎದುರಿಗೆ ಕೂರುತ್ತಿದ್ದರು. ಮಾತಾಡುತ್ತಿರಲಿಲ್ಲ. ಎಡಗೈಯಲ್ಲಿ ಮಣಿಗಳು ಒಂದೊಂದಾಗಿ ಸರಿಯುತ್ತಿದ್ದವು. ಆ ಸುಮ್ಮನಿರುವುದು ಎಂಥದು ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ಎಷ್ಟು ಜನ ಅದರ ಎದುರು ಬಾಯಿ ಬಿಟ್ಟದ್ದನ್ನು ನಾನು ನೋಡಿದ್ದೆ. ನಾನು ಹಸುವಿನ ಮಾತು, ಬಸ್ಸಿನ ಮಾತು, ಹೋಟೆಲಿನಲ್ಲಿ ನನ್ನ ಗಂಡನಿಗೆ ಬದಲಾದ ಪಾಳಿಯ ಮಾತು ಆಡಿ ಆ ಹತ್ತು ಮಣಿಗಳನ್ನು ದಾಟಿಬಿಡುತ್ತಿದ್ದೆ. ಅವರು ಎದ್ದು ಚಾ ಮಾಡುತ್ತಿದ್ದರು.

ವರ್ಷ ಕಳೆದ ಮೇಲೆ ಒಂದು ಭಾನುವಾರ ನಾನು ಹೊರಡಲು ಎದ್ದಾಗ ಅವರು ಬಾಗಿಲವರೆಗೆ ಬಂದರು. ಆಗಲೇ ಅವರಿಗೆ ಹುಷಾರಿರಲಿಲ್ಲ, ಗೋಡೆ ಹಿಡಿದುಕೊಂಡು ನಡೆಯುತ್ತಿದ್ದರು.

"ತಂಗಿ, ನಿಂಗೆ ನನ್ನ ಹತ್ರ ಎಂತಾದ್ರೂ ಹೇಳೂದು ಅದೆಯಾ?"

ತಮ್ಮ ನಿಯಮ ಬಿಟ್ಟು ಅವರು ಕೇಳಿದರು. ಗುಳಿಗೆಯ ಮಾತೊಂದನ್ನು ಬಿಟ್ಟರೆ ಯಾರನ್ನೂ ಕೇಳದವರು ನನ್ನನ್ನು ಕೇಳಿದರು.

"ಎಂತ ಇಲ್ಲ ಅಕ್ಕೋರೆ" ಎಂದೆ.

"ಆತು" ಎಂದರು. "ಬಸ್ಸಿಗೆ ಹೊತ್ತಾತು, ಹೋಗು."

ಮತ್ತೆ ಕೇಳಲಿಲ್ಲ. ಕೆಲವು ಸಲ ನನಗೆ ಅವರ ಮೇಲೆ ಸಿಟ್ಟು ಬಂದದ್ದೂ ಇದೆ. ಗೊತ್ತಿದ್ದ ಮೇಲೆ ಯಾಕೆ ಬೈಯಲಿಲ್ಲ? ಶಾಲೆಯಲ್ಲಿ ಮಕ್ಕಳನ್ನು ನಿಲ್ಲಿಸಿ ಕೇಳಿದ ಹಾಗೆ ಯಾಕೆ ಕೇಳಲಿಲ್ಲ? ಬೈದಿದ್ದರೆ ಹೇಳಿಬಿಡುತ್ತಿದ್ದೆ. ಆದರೆ ಇದು ನನ್ನ ಪಾಲಿನ ತಪ್ಪನ್ನು ಅವರ ತಲೆಗೆ ಮತ್ತೊಂದು ಸಲ ಹಾಕುವ ಕೆಲಸ ಎಂದು ಈಗ ತಿಳಿಯುತ್ತದೆ.

ಮಳೆಗಾಲಕ್ಕೆ ಮೊದಲು ಅವರ ತಂಗಿಯ ಮಗಳು ಬಂದು ಮಂಗಳೂರಿಗೆ ಕರೆದುಕೊಂಡು ಹೋದಳು. ಮರಳಿ ಬಂದದ್ದು ದೇಹ. ಇಗರ್ಜಿಯ ಒಳಗೆ ಅವರ ಕಡೆಯವರು ಕೂತಿದ್ದರು. ಹೊರಗೆ ಗೋಡೆಯ ಪಕ್ಕದಲ್ಲಿ ಬುಧವಾರದ ಜನ ನಿಂತಿದ್ದರು. ಕುಮಟೆಯ ಅಂಗಡಿಕಾರರು ತಮ್ಮನ ಜೊತೆಗೆ ಬಂದಿದ್ದರು. ಭಟ್ಕಳದ ಆ ನವಾಯತ ಹೆಂಗಸು ನನ್ನ ಕೈ ಹಿಡಿದುಕೊಂಡು ಅತ್ತರು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ನಾನೂ ಹಾಕಿದೆ. ನನ್ನ ಪಕ್ಕದಲ್ಲಿದ್ದ ಯಾರೋ ಮೆಲ್ಲಗೆ, "ಒಳ್ಳೆ ಹೆಂಗಸು. ಆ ಗುಳಿಗೆಯ ವಿಷಯದಲ್ಲಿ ಒಂದು ತಪ್ಪು ಮಾಡಿಬಿಟ್ರು" ಎಂದರು.

ಅದಾಗಿ ಎಂಟನೆಯ ದಿನ ನಾನು ಭಟ್ಕಳ ಬಂದರಿಗೆ ಹೋದೆ. ಹುಡುಗಿಯ ಅಪ್ಪ ಶೆಡ್ಡಿನ ಕೆಳಗೆ ಕಾಲ್ಬೆರಳಿಗೆ ಬಲೆ ಸಿಕ್ಕಿಸಿಕೊಂಡು ಹೊಲಿಯುತ್ತಿದ್ದ. ನನ್ನ ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ಹುಡುಗಿ ಹೇಗಿದ್ದಾಳೆ ಎಂದು ಕೇಳಿದೆ. ಗುಳಿಗೆ ತಪ್ಪಿಸುವುದಿಲ್ಲ, ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ, ಕಾಲೇಜು ಬಿಟ್ಟದ್ದು ಬಿಟ್ಟ ಹಾಗೇ ಆಯಿತು ಎಂದ. ನಾನು ನಿಂತೇ ಎಲ್ಲವನ್ನೂ ಹೇಳಿದೆ. ಹೂಜಿ, ಪಥ್ಯ, ಎತ್ತಬೇಡಿ ಎಂದದ್ದು, ಅವತ್ತು ಬೆಂಚಿನ ಹತ್ತಿರ ನಿಂತವಳು ನಾನು ಎಂಬುದು. ಅವನ ಹೆಂಡತಿ ಕೇಳಿದ್ದು ಭಯಕ್ಕೆ, ಹೇಳಿದವಳು ನಾನು ಎಂದೆ.

ಅವನು ಸೂಜಿ ನಿಲ್ಲಿಸಿದ. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೂ ಆಗುತ್ತಿತ್ತು.

"ಅವ್ರು ಹೇಳಿದ್ದಲ್ವಾ?"

"ಅಲ್ಲ. ಅವ್ರು ಗುಳಿಗೆ ಮೊದಲು ಅಂತ ಹೇಳಿದವ್ರು."

"ಮತ್ತೆ ತಪ್ಪಾತು ಅಂತ ಕೈ ಎಂತಕ್ಕೆ ಮುಗಿದ್ರು?"

ಅವನು ಬಲೆಯ ಕಣ್ಣುಗಳನ್ನು ಬೆರಳಿನಿಂದ ಬಿಡಿಸತೊಡಗಿದ. ದಕ್ಕೆಯಲ್ಲಿ ದೋಣಿಯಿಂದ ಬುಟ್ಟಿ ಇಳಿಸುವವರು ಕೂಗಾಡುತ್ತಿದ್ದರು.

"ನಾನು ಬಾಯಿಗೆ ಬಂದಂಗೆ ಅಂದೆ ಅವ್ರಿಗೆ" ಎಂದ. "ನೀನು ಬಂದು ನಂಗೆ ಹೇಳಿದೆ. ನಾನು ಈಗ ಯಾರ ಹತ್ರ ಹೋಗಿ ಹೇಳ್ಲಿ?"

ಅವನ ಪಕ್ಕದ ಬಲೆಯ ರಾಶಿಯ ಮೇಲೆ ಸ್ವಲ್ಪ ಹೊತ್ತು ಕೂತು, ಎದ್ದು ಬಂದೆ.

ಈಗ ಕೇಳಿದವರಿಗೆಲ್ಲ ನಡೆದದ್ದನ್ನು ಹೇಳುತ್ತೇನೆ. ಕೇಳದವರಿಗೂ ಹೇಳುತ್ತೇನೆ. ಇದನ್ನು ಬರೆದದ್ದೂ ಅದಕ್ಕೇ. ಕೆಲವರು ಸಮಾಧಾನ ಹೇಳುತ್ತಾರೆ, ಅಕ್ಕೋರು ದೊಡ್ಡ ಮನಸ್ಸಿನವರು, ನಿನ್ನನ್ನು ಕ್ಷಮಿಸಿಯೇ ಹೋಗಿರುತ್ತಾರೆ ಎಂದು. ಇರಬಹುದು. ಆದರೆ ನಾನು ಅವರಲ್ಲಿ ಕ್ಷಮೆ ಕೇಳಲಿಲ್ಲ.